ದಡ ಸೇರಿದ ಮೇಲೆ

ಪೂರ್ವ ನೇಪಾಳದ ಝಾಪಾ ಮತ್ತು ಮೋರಂಗ್ ಜಿಲ್ಲೆಗಳಲ್ಲಿ ಬಿದಿರು ತಟ್ಟಿಯ ಗುಡಿಸಲುಗಳ ಏಳು ಶಿಬಿರಗಳಿದ್ದವು. ಭೂತಾನದಿಂದ ಹೊರದೂಡಲ್ಪಟ್ಟ ನೇಪಾಳಿ ಮಾತಿನ ಜನ, ಅಲ್ಲಿ ಲೋತ್ಶಾಂಪ ಎಂದು ಕರೆಸಿಕೊಳ್ಳುವ ದಕ್ಷಿಣದ ರೈತರು, 1990ರ ದಶಕದ ಆರಂಭದಿಂದ ಈ ಶಿಬಿರಗಳಲ್ಲಿದ್ದರು. ಒಂದು ಲಕ್ಷಕ್ಕೂ ಮಿಕ್ಕ ಮಂದಿ. ಉಳಲು ಸ್ವಂತ ನೆಲವಿಲ್ಲ, ಹೊರಗೆ ದುಡಿಯುವ ಹಕ್ಕಿಲ್ಲ. ಅಕ್ಕಿ, ಬೇಳೆ ಪಡಿತರದಲ್ಲಿ ಬರುತ್ತಿತ್ತು. ಅಲ್ಲೇ ಹುಟ್ಟಿದ ಮಕ್ಕಳು ಅಲ್ಲೇ ಓದಿ, ಮದುವೆಯಾಗಿ, ತಾವೂ ಮಕ್ಕಳನ್ನು ಹೆತ್ತರು. 2007ರಲ್ಲಿ ಇವರನ್ನು ಮೂರನೆಯ ದೇಶಗಳಿಗೆ ಕರೆದೊಯ್ದು ನೆಲೆಗೊಳಿಸುವ ಕೆಲಸ ಶುರುವಾಯಿತು. ಎಂಟು ದೇಶಗಳು ಬಾಗಿಲು ತೆರೆದವು. ಮುಂದಿನ ವರ್ಷಗಳಲ್ಲಿ 1,13,000ಕ್ಕೂ ಹೆಚ್ಚು ಜನ ಶಿಬಿರ ಬಿಟ್ಟು ಹೊರಟರು; ಬಹುಪಾಲು ಮಂದಿ ಅಮೆರಿಕಕ್ಕೆ. ನಿರಾಶ್ರಿತರ ಇತಿಹಾಸದಲ್ಲಿ ಇಷ್ಟು ಅಚ್ಚುಕಟ್ಟಾಗಿ ನಡೆದ ಪುನರ್ವಸತಿ ಕಡಿಮೆ.

ಅಮೆರಿಕ ಸೇರಿದ ಮೇಲೆ ಅವರಲ್ಲಿ ಕೆಲವರು ಪ್ರಾಣ ಕಳೆದುಕೊಳ್ಳತೊಡಗಿದರು. 2009ರ ಫೆಬ್ರವರಿಯಿಂದ 2012ರ ಫೆಬ್ರವರಿಯೊಳಗೆ ಹದಿನಾರು ಆತ್ಮಹತ್ಯೆಗಳು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಲೆಕ್ಕ ಹಾಕಿ ನೋಡಿತು. ವಯಸ್ಸಿನ ವ್ಯತ್ಯಾಸ ಸರಿದೂಗಿಸಿದ ಮೇಲೆ ವರ್ಷಕ್ಕೆ ಲಕ್ಷಕ್ಕೆ 24.4. ಅಮೆರಿಕದ ಒಟ್ಟು ಜನರಲ್ಲಿ ಆ ಪ್ರಮಾಣ 12.4. ಇಪ್ಪತ್ತು ವರ್ಷ ಗುಡಿಸಲಲ್ಲಿ ಜೀವ ಹಿಡಿದಿದ್ದವರು ಬೆಚ್ಚನೆಯ ಮನೆ, ಕೊಳಾಯಿಯ ನೀರು, ಮಕ್ಕಳಿಗೆ ಶಾಲೆ ಸಿಕ್ಕ ಮೇಲೆ ಏಕೆ ಹೀಗಾದರು?

ಇಂಥ ಸುದ್ದಿ ಕೇಳಿದಾಗ ನಮ್ಮ ಬಾಯಿಗೆ ಥಟ್ಟನೆ ಬರುವ ಉತ್ತರ ಒಂದಿದೆ: ಪಾಪ, ಅಲ್ಲಿ ಏನೇನು ಅನುಭವಿಸಿದ್ದರೋ, ಆ ನೋವು ಬೆನ್ನು ಬಿಡಲಿಲ್ಲ. ವೈದ್ಯಲೋಕವೂ ಬಹುಕಾಲ ಇದನ್ನೇ ಹೇಳಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಮನೋಬೇನೆ, ಎಂಬ ಹೆಸರನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದ ಮೇಲಂತೂ, ನಿರಾಶ್ರಿತ ಎಂದೊಡನೆ ಹಳೆಯ ಆಘಾತವನ್ನು ಹೊತ್ತು ತಿರುಗುವವನು ಎಂಬ ಚಿತ್ರ ಗಟ್ಟಿಯಾಯಿತು. ಆಘಾತ ಸುಳ್ಳೆಂದು ನಾನು ಹೇಳುತ್ತಿಲ್ಲ. ಭೂತಾನದಲ್ಲಿ ಈ ದಕ್ಷಿಣದವರು 1990ರಲ್ಲಿ ನಡೆಸಿದ ಪ್ರತಿಭಟನೆಗಳ ನಂತರ ಜೈಲು, ಚಿತ್ರಹಿಂಸೆ ಕಂಡವರು ಆ ಶಿಬಿರಗಳಲ್ಲಿದ್ದರು. ಆದರೆ ಗಾಯ ಅಲ್ಲಿನದಾದರೂ ಅದು ಮಾಯುವುದೋ ಕೀವುಗಟ್ಟುವುದೋ ತೀರ್ಮಾನವಾಗುವುದು ಬಂದು ಸೇರಿದ ನೆಲದಲ್ಲಿ. ಆ ನೆಲದವರಿಗೆ ಈ ಮಾತು ಹಿತವಾಗದು. ನೋವೆಲ್ಲ ಹಳೆಯ ದೇಶದ್ದೇ ಎಂದರೆ ಹೊಸ ದೇಶದ ಪಾಲಿಗೆ ಉಳಿಯುವುದು ಕರುಣೆ ಮಾತ್ರ, ಹೊಣೆ ಇರುವುದಿಲ್ಲ.

2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮೀನಾ ಫಜೆಲ್ ಮತ್ತು ಸಂಗಡಿಗರು, ಪಶ್ಚಿಮದ ದೇಶಗಳಲ್ಲಿ ನೆಲೆ ಪಡೆದ ಸುಮಾರು ಏಳು ಸಾವಿರ ನಿರಾಶ್ರಿತರ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ವಯಸ್ಕರಲ್ಲಿ ಪಿಟಿಎಸ್‌ಡಿ ಕಂಡದ್ದು ಹತ್ತರಲ್ಲಿ ಒಬ್ಬರಿಗೆ. ಅಲ್ಲಿನ ಸಾಮಾನ್ಯ ಜನರಿಗಿಂತ ಅದು ಎಷ್ಟೋ ಪಟ್ಟು ಹೆಚ್ಚು, ನಿಜ. ಆದರೂ ಉಳಿದ ಒಂಬತ್ತು ಮಂದಿಗೆ ಆ ಕಾಯಿಲೆ ಇರಲಿಲ್ಲ. ಅದೇ ವರ್ಷ ಮ್ಯಾಥ್ಯೂ ಪೋರ್ಟರ್ ಮತ್ತು ನಿಕ್ ಹಾಸ್ಲಂ ಇನ್ನೊಂದು ಬಗೆಯಲ್ಲಿ ಪ್ರಶ್ನೆ ಹಾಕಿದರು. ಒಬ್ಬ ನಿರಾಶ್ರಿತನಿಗೂ ಇನ್ನೊಬ್ಬನಿಗೂ ಮನಸ್ಸಿನ ಆರೋಗ್ಯದಲ್ಲಿ ಕಾಣುವ ಅಂತರ ಯಾವುದರಿಂದ? ಅರವತ್ತೇಳು ಸಾವಿರಕ್ಕೂ ಹೆಚ್ಚು ಜನರನ್ನೊಳಗೊಂಡ 56 ವರದಿಗಳಲ್ಲಿ ಅವರಿಗೆ ಕಂಡದ್ದು ಇದು: ಸಾಮೂಹಿಕ ವಸತಿಗೃಹಗಳಲ್ಲಿ ಇರಿಸಲ್ಪಟ್ಟವರ ಸ್ಥಿತಿ ಸ್ವಂತ ಮನೆಯಲ್ಲಿ ಇದ್ದವರಿಗಿಂತ ಕೆಟ್ಟದಾಗಿತ್ತು. ದುಡಿಮೆಯ ದಾರಿ ಮುಚ್ಚಿದ್ದವರ ಸ್ಥಿತಿ ತೆರೆದಿದ್ದವರಿಗಿಂತ ಕೆಟ್ಟದಾಗಿತ್ತು. ಇವು ಯುದ್ಧದ ಕುರಿತ ಸಂಗತಿಗಳಲ್ಲ. ಸರ್ಕಾರಿ ಕಚೇರಿಯ ಮೇಜಿನ ಮೇಲೆ ತೀರ್ಮಾನವಾಗುವ ಸಂಗತಿಗಳು.

ಭೂತಾನದವರ ವಿಷಯಕ್ಕೆ ಬರೋಣ. ಸಿಡಿಸಿಯವರು ಅರಿಜೋನಾ, ಜಾರ್ಜಿಯಾ, ನ್ಯೂಯಾರ್ಕ್, ಟೆಕ್ಸಸ್ ರಾಜ್ಯಗಳಲ್ಲಿ 423 ಮಂದಿಯನ್ನು ಮಾತನಾಡಿಸಿದರು. ಸಾಯುವ ಯೋಚನೆ ಬಂದಿದ್ದವರಲ್ಲಿ ಖಿನ್ನತೆ, ಆತಂಕಗಳ ಜೊತೆಗೆ ಎದ್ದು ಕಂಡವು: ಮನೆಯೊಳಗಿನ ಜಗಳ, ನನಗೆ ಯಾರ ಆಸರೆಯೂ ಇಲ್ಲ ಎಂಬ ಭಾವ, ಮತ್ತು ದುಡಿದು ಮನೆ ನಡೆಸುವವನು ತಾನಲ್ಲ ಎಂಬ ಸ್ಥಿತಿ. ಈ ಮೂರನೆಯದರ ಬಳಿ ನಾನು ಬಹಳ ಹೊತ್ತು ನಿಂತೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಒಂದು ಮಾತಿದೆ, ಕೂತು ತಿನ್ನುವುದು. ಆ ಮಾತು ಆಡುವವರ ನಾಲಗೆಗಿಂತ ಕೇಳಿಸಿಕೊಳ್ಳುವವರ ಎದೆಯಲ್ಲಿ ಹೆಚ್ಚು ಕಾಲ ಇರುತ್ತದೆ. ದಕ್ಷಿಣ ಭೂತಾನದಲ್ಲಿ ಏಲಕ್ಕಿ, ಕಿತ್ತಳೆ ಬೆಳೆದು ಹತ್ತಾರು ಜನರಿಗೆ ಅನ್ನ ಹಾಕಿದ್ದ ಹಿರಿಯ, ಅಮೆರಿಕದ ಯಾವುದೋ ಊರಿನ ಎರಡನೆಯ ಮಹಡಿಯಲ್ಲಿ ಮಗನೋ ಸೊಸೆಯೋ ರಾತ್ರಿ ಪಾಳಿ ಮುಗಿಸಿ ಬರುವುದನ್ನು ಕಾಯುತ್ತ ಕೂರುತ್ತಾನೆ. ಅವನನ್ನು ಯಾರೂ ಬೈದಿರಲಿಕ್ಕಿಲ್ಲ. ಬೈಯದೆಯೂ ಹಂಗು ಹಂಗೇ.

ದುಡಿಯುವ ವಯಸ್ಸಿನವರಿಗೆ ಬೇರೆ ಬಗೆಯ ಇಕ್ಕಟ್ಟು. ಅಮೆರಿಕದ ಪುನರ್ವಸತಿ ವ್ಯವಸ್ಥೆಯ ಮುಖ್ಯ ಗುರಿ, ಬಂದವರು ಆದಷ್ಟು ಬೇಗ ತಮ್ಮ ಕಾಲ ಮೇಲೆ ನಿಲ್ಲಬೇಕೆಂಬುದು. ಗುರಿಯಲ್ಲಿ ತಪ್ಪಿಲ್ಲ, ಅವಸರದಲ್ಲಿದೆ. ಸ್ವಾಗತದ ನೆರವು ಮೊದಲ ಮೂರು ತಿಂಗಳು. ಆ ವರ್ಷಗಳಲ್ಲಿ ನಗದು ನೆರವು ಹೆಚ್ಚೆಂದರೆ ಎಂಟು ತಿಂಗಳು. ವಿಮಾನದ ಟಿಕೆಟ್ಟಿನ ಹಣವೂ ಸಾಲವೇ. ಬಡ್ಡಿಯಿಲ್ಲ, ಆದರೆ ಸುಮಾರು ಆರು ತಿಂಗಳಿಗೆ ಕಂತು ಶುರು. ಹೀಗಾಗಿ ಸಿಕ್ಕಿದ ಮೊದಲ ಕೆಲಸ ಹಿಡಿಯಬೇಕು: ಮಾಂಸದ ಕಾರ್ಖಾನೆ, ಗೋದಾಮು, ಹೋಟೆಲಿನ ಕೋಣೆ ಗುಡಿಸುವುದು. ಶಿಬಿರದ ಶಾಲೆಯಲ್ಲಿ ಮೇಷ್ಟರಾಗಿದ್ದವನೂ ಅದೇ ಸಾಲಿನಲ್ಲಿ. ಇವರಲ್ಲಿ ಬಹಳ ಜನ ಅಮೆರಿಕಕ್ಕೆ ಬಂದ ಹೊತ್ತಿಗೆ 2008ರ ಆರ್ಥಿಕ ಕುಸಿತ ಬಂದು ಆ ಕೆಲಸಗಳಿಗೂ ಕುತ್ತು ಬಂದಿತ್ತು. ಗಂಡನಿಗೆ ಹಗಲು ಪಾಳಿ, ಹೆಂಡತಿಗೆ ರಾತ್ರಿ ಪಾಳಿ. ಶಿಬಿರದಲ್ಲಿ ಹಗಲಿಡೀ ತಟ್ಟಿಯಾಚೆಗೆ ಕೂಗಿ ಮಾತಾಡಬಹುದಿತ್ತು. ಇಲ್ಲಿ ಗಂಡ ಹೆಂಡತಿಯೇ ವಾರಕ್ಕೊಮ್ಮೆ ಒಟ್ಟಿಗೆ ಉಂಡರೆ ಹೆಚ್ಚು.

ಇಲ್ಲೊಂದು ಸಂಗತಿಯನ್ನು ಮುಚ್ಚಿಡಬಾರದು. ಮೇಲುನೋಟಕ್ಕೆ ಅದು ನನ್ನ ವಾದಕ್ಕೆ ವಿರುದ್ಧವಾಗಿದೆ. ಇದೇ ಜನರಲ್ಲಿ, ನೇಪಾಳದ ಶಿಬಿರಗಳಲ್ಲಿದ್ದಾಗಲೂ, ಆತ್ಮಹತ್ಯೆಯ ಪ್ರಮಾಣ ಲಕ್ಷಕ್ಕೆ ಇಪ್ಪತ್ತರ ಆಸುಪಾಸಿನಲ್ಲಿತ್ತೆಂದು ಅಂತರರಾಷ್ಟ್ರೀಯ ವಲಸೆ ಸಂಸ್ಥೆ 2011ರಲ್ಲಿ ವರದಿ ಮಾಡಿತ್ತು. ಹಾಗಾದರೆ ಅಮೆರಿಕದ ತಪ್ಪೇನು, ಮೊದಲೇ ಇದ್ದದ್ದು ಮುಂದುವರಿಯಿತಲ್ಲ ಎನ್ನಬಹುದು. ನನಗೆ ಅದು ಹಾಗೆ ಕಾಣುವುದಿಲ್ಲ. ಶಿಬಿರದಲ್ಲಿ ಕೊಲ್ಲುತ್ತಿದ್ದದ್ದು ಯಾವುದು? ಕೆಲಸವಿಲ್ಲದಿರುವುದು, ನಾಳೆ ಎಂಬುದಿಲ್ಲದಿರುವುದು, ಮನೆಯ ಗಂಡಸು ಪಡಿತರದ ಚೀಟಿಗೆ ಇಳಿದುಬಿಟ್ಟದ್ದು. ಶಿಬಿರವೂ ಬಂದು ಸೇರಿದ ನೆಲವೇ. ಅದೂ ಒಂದು ಸಾಮಾಜಿಕ ಸ್ಥಿತಿಯೇ. ವಿಮಾನ ಹತ್ತಿಸಿದ್ದರಿಂದ ಹಸಿವೆ, ಬೆಂಕಿ, ಮಳೆಯ ಭಯ ಹೋಯಿತು. ತಾನು ಯಾರಿಗೂ ಬೇಕಾದವನಲ್ಲ ಎಂಬ ಭಾವ ಅದೇ ವಿಮಾನದಲ್ಲಿ ಜೊತೆಗೆ ಬಂತು, ಅದನ್ನು ಇಳಿಸಿಕೊಳ್ಳಲು ಹೊಸ ಊರಿನಲ್ಲಿ ಜಾಗ ಇರಲಿಲ್ಲ. ಸುರಕ್ಷತೆಯೊಂದೇ ಮನಸ್ಸನ್ನು ವಾಸಿ ಮಾಡುವುದಾಗಿದ್ದರೆ ಆ ಸಂಖ್ಯೆ ಇಳಿಯಬೇಕಿತ್ತು. ಇಳಿಯಲಿಲ್ಲ.

ಭಾಷೆಯದು ಇನ್ನೂ ಸೂಕ್ಷ್ಮ. ಕೆನಡಾ 1979 ಮತ್ತು 80ರಲ್ಲಿ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಿಂದ ಸುಮಾರು ಅರವತ್ತು ಸಾವಿರ ಜನರನ್ನು ಕರೆಸಿಕೊಂಡಿತು. ದೋಣಿ ಹತ್ತಿ ಬಂದವರೆಂದೇ ಹೆಸರಾದ ಇವರಲ್ಲಿ ವ್ಯಾಂಕೂವರ್ ಸುತ್ತ ನೆಲೆಸಿದ ಸಾವಿರಕ್ಕೂ ಹೆಚ್ಚು ಜನರನ್ನು ಮನೋವೈದ್ಯ ಮಾರ್ಟನ್ ಬೈಸರ್ ಹತ್ತು ವರ್ಷ ಹಿಂಬಾಲಿಸಿ ನೋಡಿದರು. ಮೊದಲ ವರ್ಷಗಳಲ್ಲಿ ಇಂಗ್ಲಿಷ್ ಬರುತ್ತದೋ ಇಲ್ಲವೋ ಎಂಬುದಕ್ಕೂ ಖಿನ್ನತೆಗೂ ಸಂಬಂಧ ಕಾಣಲಿಲ್ಲ. ಹತ್ತು ವರ್ಷದ ಹೊತ್ತಿಗೆ ಚೆನ್ನಾಗಿ ಕಂಡಿತು, ಹೆಂಗಸರಲ್ಲಿ ಮತ್ತು ಬಂದಾಗ ಕೆಲಸಕ್ಕೆ ಹೋಗದೆ ಮನೆಯಲ್ಲೇ ಉಳಿದವರಲ್ಲಿ ಹೆಚ್ಚಾಗಿ. ಬಂದ ಹೊಸತರಲ್ಲಿ ಎಲ್ಲರೂ ಮೂಕರೇ. ಆಮೇಲೆ ಮಕ್ಕಳು ಮಾತು ಕಲಿತು ಮುಂದೆ ಹೋಗುತ್ತಾರೆ, ಅಜ್ಜಿ ಅಲ್ಲೇ ನಿಂತಿರುತ್ತಾಳೆ. ಮೊಮ್ಮಗಳ ಜಗಳ ಅರ್ಥವಾಗುವುದಿಲ್ಲ, ನಗುವೂ ಅರ್ಥವಾಗುವುದಿಲ್ಲ. ಆಸ್ಪತ್ರೆಗೆ ಹೋದರೆ ಹನ್ನೆರಡು ವರ್ಷದ ಹುಡುಗ ತನ್ನ ತಾಯಿಯ ಗರ್ಭಕೋಶದ ತೊಂದರೆಯನ್ನು ವೈದ್ಯರಿಗೆ ವಿವರಿಸಬೇಕಾಗುತ್ತದೆ. ಆ ತಾಯಿ ಅರ್ಧ ನುಂಗಿಕೊಳ್ಳುತ್ತಾಳೆ, ಹುಡುಗ ಉಳಿದರ್ಧ ಬಿಡುತ್ತಾನೆ. ಅಮೆರಿಕದ ನೆರವು ಎಂಟು ತಿಂಗಳಿಗೆ ನಿಲ್ಲುತ್ತಿತ್ತು; ಭಾಷೆಯ ಏಟು ಬೀಳುವುದು ಎಂಟನೆಯ, ಹತ್ತನೆಯ ವರ್ಷಕ್ಕೆ.

ಭೂತಾನದ ಮುದುಕರಲ್ಲಿ ಅನೇಕರು ನೇಪಾಳಿಯನ್ನೂ ಓದಲು ಬಾರದ ರೈತರು. ಅಮೆರಿಕದ ಪೌರತ್ವಕ್ಕೆ ಇಂಗ್ಲಿಷಿನಲ್ಲಿ ಓದಿ ಬರೆದು, ಆ ದೇಶದ ಇತಿಹಾಸ, ಸಂವಿಧಾನದ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ನಿರಾಶ್ರಿತ ವೃದ್ಧರಿಗೆ ಸಿಗುವ ಮಾಸಾಶನ ಪೌರರಾಗದಿದ್ದರೆ ಏಳು ವರ್ಷಕ್ಕೆ ನಿಲ್ಲುತ್ತಿತ್ತು. ಎಪ್ಪತ್ತು ದಾಟಿದ ಮೇಲೆ ಪೆನ್ಸಿಲ್ ಹಿಡಿದು ಅಕ್ಷರ ತಿದ್ದುವುದರಲ್ಲಿ ಘನತೆಯೂ ಇದೆ, ಸಂತೋಷವೂ ಇದೆ. ಆದರೆ ತಿದ್ದಲಾಗದಿದ್ದರೆ ಮಗನ ಮೇಲೆ ಇನ್ನಷ್ಟು ಭಾರವಾಗುತ್ತೇನೆ ಎಂಬ ಹೆದರಿಕೆಯಲ್ಲಿ ತಿದ್ದುವುದೇ ಬೇರೆ.

ಹೆಚ್ಚು ಇದ್ದವರು ಹೆಚ್ಚು ಕಳೆದುಕೊಳ್ಳುತ್ತಾರೆ ಎಂಬುದೂ ಪೋರ್ಟರ್ ಮತ್ತು ಹಾಸ್ಲಂ ಕಂಡ ಮಾತು: ಓದಿದವರ, ಊರಿನಲ್ಲಿ ಸ್ಥಾನಮಾನವಿದ್ದವರ ಸ್ಥಿತಿ ಉಳಿದವರಿಗಿಂತ ಹದಗೆಟ್ಟಿತ್ತು. ನನಗೆ ಸ್ಟೀಫನ್ ಜ್ವೈಗ್ ನೆನಪಾಗುತ್ತಾನೆ. ಹಿಟ್ಲರನ ಕೈಗೆ ಸಿಗದೆ ಬ್ರೆಜಿಲ್ ತಲುಪಿದ ಆ ಆಸ್ಟ್ರಿಯಾದ ಲೇಖಕನಿಗೆ ಅಲ್ಲಿ ಹಣದ ಕೊರತೆ ಇರಲಿಲ್ಲ, ಮರ್ಯಾದೆಯ ಕೊರತೆಯೂ ಇರಲಿಲ್ಲ. 1942ರ ಫೆಬ್ರವರಿಯಲ್ಲಿ ಪೆಟ್ರೋಪೊಲಿಸ್ ಎಂಬ ಊರಿನಲ್ಲಿ ಹೆಂಡತಿಯೊಡನೆ ಪ್ರಾಣ ಬಿಟ್ಟ. ಅವನ ಮಾತು ಕೇಳಿಸಿಕೊಳ್ಳುತ್ತಿದ್ದ ಲೋಕವೇ ಮುಳುಗಿಹೋಗಿತ್ತು.

ಇನ್ನು ಕಾಗದದ ವಿಷಯ. ಕಾಗದ ಎಂದು ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ಈ ಕತೆ ಕಾಗದದಿಂದಲೇ ಆರಂಭವಾದದ್ದು. 1988ರ ಜನಗಣತಿಯಲ್ಲಿ ಭೂತಾನ ಸರ್ಕಾರ ದಕ್ಷಿಣದವರನ್ನು ಕೇಳಿದ್ದು 1958ರ ಕಂದಾಯ ರಸೀದಿ. 1957ರದ್ದು ಇದ್ದರೂ ಆಗದು, 1959ರದ್ದೂ ಆಗದು. ಇಲ್ಲದವನು ಪರದೇಶಿ. ಒಂದು ರಸೀದಿಯಿಂದ ಮನುಷ್ಯನ ಇಡೀ ಬದುಕು ತೂಗಿಬಿಡಬಹುದು ಎಂಬುದನ್ನು ಕಂಡವರಿಗೆ ಮುಂದೆ ಎಲ್ಲಿಗೇ ಹೋದರೂ ಕಚೇರಿಯಿಂದ ಬರುವ ಲಕೋಟೆಯೆಂದರೆ ಕೈ ನಡುಗುತ್ತದೆ.

ನೆದರ್ಲೆಂಡ್ಸ್‌ನಲ್ಲಿ ಆಶ್ರಯ ಕೇಳಿ ಬಂದ ಇರಾಕಿನವರನ್ನು ಕೋರ್ನೆಲಿಸ್ ಲಾಬನ್ ತಂಡ ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿತು. ಬಂದು ಆರು ತಿಂಗಳೊಳಗಿನವರಲ್ಲಿ ಮಾನಸಿಕ ಕಾಯಿಲೆ ಇದ್ದವರು ಶೇಕಡಾ 42. ಅರ್ಜಿಯ ಉತ್ತರಕ್ಕಾಗಿ ಎರಡು ವರ್ಷಕ್ಕೂ ಹೆಚ್ಚು ಕಾದವರಲ್ಲಿ ಶೇಕಡಾ 66. ಕಾಲ ಕಳೆದಂತೆ ನೋವು ಮಾಯುತ್ತದೆ ಎನ್ನುತ್ತೇವೆ. ಕಾಯಿಸುವ ಕಾಲಕ್ಕೆ ಆ ಗುಣವಿಲ್ಲ. ಆಸ್ಟ್ರೇಲಿಯಾ 1999ರಲ್ಲಿ ತಾತ್ಕಾಲಿಕ ರಕ್ಷಣಾ ವೀಸಾ ಎಂಬುದನ್ನು ತಂದಿತು. ಮೂರು ವರ್ಷ ಇರಬಹುದು, ಆಮೇಲೆ ನೋಡೋಣ ಎನ್ನುವ ವೀಸಾ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿಲ್ಲ, ದೇಶ ಬಿಟ್ಟು ಹೋದರೆ ಮರಳುವಂತಿಲ್ಲ. ಸಿಡ್ನಿಯಲ್ಲಿ ನೆಲೆಸಿದ ಮಂಡೇಯನ್ ಪಂಗಡದ 241 ಜನರನ್ನು ಜಕಾರಿ ಸ್ಟೀಲ್, ಡೆರಿಕ್ ಸಿಲೋವ್ ಮುಂತಾದವರು ಮಾತನಾಡಿಸಿದರು. ಇರಾಕ್, ಇರಾನ್ ಕಡೆಯ ಪುರಾತನ ಮತದವರು, ಹರಿಯುವ ನೀರಿನಲ್ಲಿ ದೀಕ್ಷೆ ಪಡೆಯುವವರು. ಒಂದೇ ಪಂಗಡ, ಹೆಚ್ಚುಕಡಿಮೆ ಒಂದೇ ಬಗೆಯ ಹಿಂಸೆ ಕಂಡು ಬಂದವರು. ಕಾಯಂ ವೀಸಾ ಇದ್ದವರಿಗಿಂತ ತಾತ್ಕಾಲಿಕ ವೀಸಾದವರಲ್ಲಿ ಖಿನ್ನತೆಯೂ ಪಿಟಿಎಸ್‌ಡಿಯೂ ಹೆಚ್ಚಾಗಿತ್ತು.

ಇಲ್ಲಿ ಒಬ್ಬ ಎಚ್ಚರದ ಓದುಗ ತಡೆದು ಕೇಳಬಹುದು. ಕೆಲಸವಿಲ್ಲದ್ದರಿಂದ ಖಿನ್ನತೆಯೋ, ಖಿನ್ನತೆಯಿಂದ ಕೆಲಸ ಸಿಗದಾಯಿತೋ? ಮನಸ್ಸು ಮುದುಡಿದವನು ನೆರೆಹೊರೆಯಲ್ಲಿ ಬೆರೆಯುವುದಿಲ್ಲ, ಭಾಷೆ ಕಲಿಯುವುದಿಲ್ಲ, ಕೆಲಸ ಉಳಿಸಿಕೊಳ್ಳುವುದಿಲ್ಲ. ಆಗ ನಾವು ಫಲವನ್ನೇ ಬೇರೆಂದು ತಿಳಿದಂತಾಗುತ್ತದೆ. ಪ್ರಶ್ನೆ ನ್ಯಾಯವಾದದ್ದು, ಒಮ್ಮೆ ಮಾತ್ರ ಅಳೆದು ಬರೆದ ಅಧ್ಯಯನಗಳು ಇದಕ್ಕೆ ಉತ್ತರ ಕೊಡಲಾರವು. ಮಂಡೇಯನ್ನರ ಉದಾಹರಣೆಗೆ ಬೆಲೆ ಬರುವುದು ಇಲ್ಲೇ. ಮುಂದೆ ಅವರಿಗೆ ಕಾಯಂ ವೀಸಾ ಸಿಕ್ಕಿತು. ಅದೇ ಜನರನ್ನು ಮತ್ತೆ ನೋಡಿದಾಗ ಪಿಟಿಎಸ್‌ಡಿಯ ಲಕ್ಷಣಗಳೂ ಖಿನ್ನತೆಯೂ ಇಳಿದಿದ್ದವು, ದಿನನಿತ್ಯದ ಬದುಕಿನ ತೊಡಕುಗಳು ಇಳಿದದ್ದಕ್ಕೆ ಅನುಗುಣವಾಗಿ. ಏಂಜೆಲಾ ನಿಕರ್ಸನ್ ತಂಡ 2011ರಲ್ಲಿ ಇದನ್ನು ಬರೆಯಿತು. ಅವರ ಹಿಂದಿನ ಬದುಕು ಬದಲಾಗಿರಲಿಲ್ಲ. ಬದಲಾದದ್ದು ವೀಸಾ.

ಚದುರಿಸುವುದರ ಬಗ್ಗೆ ನನಗೆ ವಿಶೇಷ ತಕರಾರಿದೆ. ಹೊರೆ ಹಂಚಿಕೊಳ್ಳಬೇಕೆಂದು ದೇಶಗಳು ನಿರಾಶ್ರಿತರನ್ನು ಊರೂರಿಗೆ ಹಂಚುತ್ತವೆ. ಬೇಗ ಹೊಂದಿಕೊಳ್ಳಲಿ ಎಂಬ ಆಸೆಯೂ ಇರುತ್ತದೆ. ಭೂತಾನದವರಲ್ಲಿ ಅಣ್ಣ ಟೆಕ್ಸಸ್‌ಗೆ, ತಂಗಿ ನ್ಯೂಹ್ಯಾಂಪ್‌ಶೈರಿಗೆ, ಅಪ್ಪ ಅಮ್ಮ ಇನ್ನೂ ಶಿಬಿರದಲ್ಲಿ, ಹೀಗೆ ಒಡೆದ ಮನೆಗಳು ಎಷ್ಟೋ. ಅವರು ಏನು ಮಾಡಿದರು? ಯಾರೂ ಹೇಳದೆ ತಾವಾಗಿ ಗಂಟು ಕಟ್ಟಿಕೊಂಡು ಒಹಾಯೋದ ಕೊಲಂಬಸ್, ಆಕ್ರನ್, ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್, ಪಿಟ್ಸ್‌ಬರ್ಗ್‌ಗಳಿಗೆ ಹೋದರು. ಮನೆ ಅಗ್ಗ, ಕೆಲಸ ಉಂಟು, ತಮ್ಮವರು ಇದ್ದಾರೆ. ಈಗ ಅಲ್ಲಿ ನೇಪಾಳಿ ದಿನಸಿ ಅಂಗಡಿಗಳಿವೆ, ದಸೈಂ ಹಬ್ಬದಲ್ಲಿ ಹಿರಿಯರು ಕಿರಿಯರ ಹಣೆಗೆ ಟೀಕಾ ಇಡುತ್ತಾರೆ. ಟೀಕಾ ಇಡುವ ಕೈಗೆ ಒಂದು ದಿನವಾದರೂ ಹಿರಿತನ ಮರಳಿ ಬರುತ್ತದೆ. ಬೈಸರ್ ವ್ಯಾಂಕೂವರಿನಲ್ಲಿ ಕಂಡದ್ದೂ ಇದೇ. ಅಲ್ಲಿ ಮೊದಲೇ ದೊಡ್ಡ ಚೀನೀ ಸಮುದಾಯವಿದ್ದುದರಿಂದ ಚೀನೀ ಮೂಲದವರಿಗೆ ಆರಂಭದ ವರ್ಷಗಳಲ್ಲಿ ಉಳಿದವರಿಗಿಂತ ಖಿನ್ನತೆ ಕಡಿಮೆಯಿತ್ತು. ತಮ್ಮವರ ಜೊತೆ ಗುಂಪಾಗಿದ್ದರೆ ಹೊಸ ಸಮಾಜದಲ್ಲಿ ಬೆರೆಯುವುದಿಲ್ಲ ಎಂಬ ಭಯ ಅವಸರದ್ದು. ಕಾಲೂರಲು ಒಂದಿಷ್ಟು ತನ್ನ ನೆಲ ಇದ್ದವನೇ ಕೈಚಾಚಬಲ್ಲ.

ಇದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಕೊಡಗಿಗೆ ಹೋಗುವಾಗ ಕುಶಾಲನಗರದ ಹತ್ತಿರ ಗೋಲ್ಡನ್ ಟೆಂಪಲ್ ನೋಡಲು ಇಳಿಯುವ ನಮ್ಮಲ್ಲಿ ಎಷ್ಟು ಮಂದಿ ಬೈಲಕುಪ್ಪೆಯನ್ನು ಒಂದು ಪುನರ್ವಸತಿಯ ಪ್ರಯೋಗವಾಗಿ ನೋಡಿದ್ದೇವೆ? 1960ರಲ್ಲಿ ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಟಿಬೆಟಿನ ನಿರಾಶ್ರಿತರಿಗೆ ಸುಮಾರು ಮೂರು ಸಾವಿರ ಎಕರೆ ಕಾಡುನೆಲ ಕೊಟ್ಟಿತು. 1966ರಲ್ಲಿ ಮುಂಡಗೋಡ, ಆಮೇಲೆ ಹುಣಸೂರು, ಕೊಳ್ಳೇಗಾಲದ ಕಡೆ ಇನ್ನೂ ಎರಡು. ಹಿಮದ ನಾಡಿನಿಂದ ಬಂದವರಿಗೆ ಇಲ್ಲಿನ ಸೆಕೆ, ಆನೆಯ ಕಾಟ, ಕ್ಷಯ. ಮೊದಲ ವರ್ಷಗಳಲ್ಲಿ ಸತ್ತವರು ಕಡಿಮೆಯಲ್ಲ. ಅವರ ಮನಸ್ಸು ನೆಮ್ಮದಿಯಾಗಿತ್ತೆಂದು ನಾನು ಹೇಳಲಾರೆ. ಹೇಳಬಲ್ಲದ್ದು ಇಷ್ಟು: ಅವರನ್ನು ಒಡೆದು ಹಂಚಲಿಲ್ಲ. ಊರಿಗೆ ಊರೇ ಒಟ್ಟಿಗೆ ಕೂತಿತು. ಉಳಲು ಹೊಲ ಕೊಟ್ಟರು. ಮುಸುಕಿನ ಜೋಳ ಬೆಳೆದರು, ಚಳಿಗಾಲದಲ್ಲಿ ದೇಶದುದ್ದಕ್ಕೂ ಸ್ವೆಟರ್ ಮಾರಿದರು. ಅವರದೇ ಸಹಕಾರ ಸಂಘ, ಅವರದೇ ಭಾಷೆಯ ಶಾಲೆ, ಆಸ್ಪತ್ರೆ, ವೃದ್ಧಾಶ್ರಮ. ಲಾಸಾದ ಸೆರಾ ಮಠ ಬೈಲಕುಪ್ಪೆಯಲ್ಲೂ ಡ್ರೆಪುಂಗ್, ಗಾಂಡೆನ್ ಮಠಗಳು ಮುಂಡಗೋಡದಲ್ಲೂ ಮತ್ತೆ ಎದ್ದವು. ಸತ್ತವರಿಗೆ ಮಾಡಬೇಕಾದ ಕರ್ಮವನ್ನು ಸರಿಯಾಗಿ ಮಾಡುವವರು ಪಕ್ಕದಲ್ಲೇ ಇದ್ದರು. ದುಃಖಕ್ಕೆ ಅದಕ್ಕಿಂತ ದೊಡ್ಡ ಔಷಧ ಯಾವುದೆಂದು ನನಗೆ ತಿಳಿಯದು.

ಹಾಗೆಂದು ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಇಲ್ಲೇ ಹುಟ್ಟಿ, ನಮ್ಮಂತೆಯೇ ಕನ್ನಡ ಮಾತನಾಡುವ ಟಿಬೆಟನ್ ಯುವಕ ಈಗಲೂ ಆರ್‌ಸಿ ಎಂಬ ನೋಂದಣಿ ಪತ್ರವನ್ನು ನವೀಕರಿಸಿಕೊಳ್ಳುತ್ತ ಇರಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು, ಪಾಸ್‌ಪೋರ್ಟ್ ಕೊಡಿ ಎಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು, ಅದೂ 2016ರಲ್ಲಿ. ಆ ದಿನಾಂಕದ ನಂತರ ಹುಟ್ಟಿದವರಿಗೆ, ಅಪ್ಪ ಅಮ್ಮ ಇಬ್ಬರೂ ಭಾರತದ ಪೌರರಲ್ಲದಿದ್ದರೆ, ಆ ದಾರಿಯೂ ಇಲ್ಲ. ಓದಿದವರು ಟೊರಾಂಟೊಗೂ ನ್ಯೂಯಾರ್ಕಿಗೂ ಹೊರಟುಹೋಗುತ್ತಿದ್ದಾರೆ. ಬೈಲಕುಪ್ಪೆಯ ಹಳ್ಳಿಗಳನ್ನು ಜನ ಈಗಲೂ ಕರೆಯುವುದು ಒಂದನೇ ಕ್ಯಾಂಪು, ಎರಡನೇ ಕ್ಯಾಂಪು ಎಂದೇ. ಸಿಂಧನೂರಿನ ಬಂಗಾಳಿ ನಿರಾಶ್ರಿತರ ಊರುಗಳ ಹೆಸರೂ ಆರ್‌ಎಚ್ ಕ್ಯಾಂಪ್. ಐವತ್ತು ವರ್ಷ ಕಳೆದರೂ ಕ್ಯಾಂಪು ಊರಾಗುವುದಿಲ್ಲವೆಂದರೆ ಅದರಲ್ಲಿ ಬೆಳೆದ ಮಗುವಿನ ಮನಸ್ಸು ತನ್ನ ಬಗ್ಗೆ ಏನನ್ನು ಕಲಿಯುತ್ತದೆ?

ಚಿಕಿತ್ಸೆ ಬೇಡವೆಂದು ಇದರರ್ಥವಲ್ಲ. ಬೇಕು, ಆದರೆ ಅದು ಅವರ ಮಾತಿನಲ್ಲಿ ಇರಬೇಕು. ನೇಪಾಳಿಯಲ್ಲಿ ಮನ್ ಬೇರೆ, ದಿಮಾಗ್ ಬೇರೆ ಎಂಬುದನ್ನು ಬ್ರ್ಯಾಂಡನ್ ಕೊಹರ್ಟ್ ಮತ್ತು ಇಯಾನ್ ಹಾರ್ಪರ್ ವಿವರವಾಗಿ ಬರೆದಿದ್ದಾರೆ. ಮನ್ ನೋಯುವುದು ಎಲ್ಲರಿಗೂ ಇರುವಂಥದ್ದು. ದಿಮಾಗ್ ಕೆಟ್ಟಿತೆಂದರೆ ಹುಚ್ಚು, ಮನೆತನಕ್ಕೇ ಕಳಂಕ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನಸ್ಸಿಗೆ ಬೇಜಾರು ಎನ್ನುವುದಕ್ಕೂ ತಲೆ ಕೆಟ್ಟಿದೆ ಎನ್ನುವುದಕ್ಕೂ ನಡುವೆ ಎಷ್ಟು ದೂರ! ದುಭಾಷಿ ಅವಸರದಲ್ಲಿ ಒಂದರ ಬದಲು ಇನ್ನೊಂದು ಪದ ಬಳಸಿದರೆ ಆ ಹೆಂಗಸು ಮತ್ತೆ ಆ ಬಾಗಿಲು ತುಳಿಯುವುದಿಲ್ಲ. ಮಾತು ಸರಿಯಾಗಿದ್ದರೂ ವಾರಕ್ಕೊಂದು ಗಂಟೆಯ ಸಮಾಲೋಚನೆ ವೀಸಾ ಕೊಡಲಾರದು, ತಮ್ಮನನ್ನು ಶಿಬಿರದಿಂದ ಕರೆಸಲಾರದು. ಅವುಗಳಿಗೆ ಸಹಿ ಹಾಕುವವರು ತಾವೂ ಮನಸ್ಸಿನ ಆರೋಗ್ಯದ ಕೆಲಸದಲ್ಲಿದ್ದೇವೆ ಎಂದು ತಿಳಿಯಬೇಕು. ಭೂತಾನದ ಹಿರಿಯರು ಅಮೆರಿಕದ ಹಲವು ಊರುಗಳಲ್ಲಿ ಸಮುದಾಯದ ತೋಟಗಳಲ್ಲಿ ಸಾಸಿವೆ ಸೊಪ್ಪು, ಹಾಗಲ, ಮೆಣಸಿನಕಾಯಿ ಬೆಳೆಯುತ್ತಾರೆ. ಸಂಜೆ ಸೊಪ್ಪು ಹಿಡಿದು ಮನೆಗೆ ಬರುವ ಅಜ್ಜ ಕೂತು ತಿನ್ನುವವನಲ್ಲ. ಆ ತುಂಡು ನೆಲಕ್ಕೆ ಎಷ್ಟು ಖರ್ಚಾದೀತು?

ಖರ್ಚಿನ ಮಾತು ಬಂದೇ ಬರುತ್ತದೆ, ನಮ್ಮವರಿಗೇ ಇಲ್ಲದ್ದು ಪರದೇಶಿಗೆ ಏಕೆ ಎಂಬ ಮಾತೂ. ನಮ್ಮವರಿಗೆ ಇಲ್ಲದ್ದು ಅನ್ಯಾಯ. ಅದನ್ನು ಸರಿಪಡಿಸಬೇಕಾದದ್ದು ಇನ್ನೊಬ್ಬನಿಂದ ಕಸಿದಲ್ಲ. ವ್ಯಾಂಕೂವರಿಗೆ ದೋಣಿ ಹತ್ತಿ ಬಂದವರು ಹತ್ತು ವರ್ಷದಲ್ಲಿ ಕೆಲಸ ಹಿಡಿಯುವುದರಲ್ಲಿ ಕೆನಡಾದವರಿಗೆ ಸರಿಸಮನಾಗಿದ್ದರು. ಸಾವಿರಾರು ಸಾಮಾನ್ಯ ಕುಟುಂಬಗಳು, ಚರ್ಚುಗಳು ಒಂದೊಂದು ಮನೆಯ ಹೊಣೆ ಹೊತ್ತು, ಬಸ್ ಹತ್ತಲು, ಹಾಲು ಕೊಳ್ಳಲು ಜೊತೆಗೆ ನಡೆದಿದ್ದರು. 1986ರಲ್ಲಿ ವಿಶ್ವಸಂಸ್ಥೆಯ ನಾನ್ಸೆನ್ ಪ್ರಶಸ್ತಿ ಕೆನಡಾದ ಜನತೆಗೇ ಸಂದಿತು.

2025ರ ಮಾರ್ಚ್‌ನಿಂದ ಅಮೆರಿಕ, ಯಾವುದೋ ಅಪರಾಧದ ದಾಖಲೆ ಇದೆಯೆಂದು ಭೂತಾನ ಮೂಲದ ಹತ್ತಾರು ಜನರನ್ನು ಹಿಡಿದು ಭೂತಾನಕ್ಕೆ ವಿಮಾನದಲ್ಲಿ ಕಳಿಸತೊಡಗಿತು. ಶಿಕ್ಷೆ ಅನುಭವಿಸಿ ಮುಗಿಸಿದವರೂ ಅವರಲ್ಲಿದ್ದರು. ಭೂತಾನ ಅವರನ್ನು ಇಟ್ಟುಕೊಳ್ಳದೆ ಭಾರತದ ಗಡಿಗೆ ತಂದು ಬಿಟ್ಟಿತು. ಕೆಲವರು ಹೇಗೋ ಗಡಿ ದಾಟಿ ನೇಪಾಳ ಸೇರಿ, ತಾವು ಮಕ್ಕಳಾಗಿ ಬೆಳೆದ ಬೆಲ್ಡಾಂಗಿ ಶಿಬಿರಕ್ಕೇ ಬಂದರು. ಅನುಮತಿಯಿಲ್ಲದೆ ದೇಶದೊಳಗೆ ಬಂದರೆಂದು ಅಲ್ಲಿನ ಪೊಲೀಸರು ಅವರನ್ನು ಹಿಡಿದರು. ಮೂರು ದೇಶಗಳಲ್ಲಿ ಒಂದೂ ಅವರನ್ನು ತನ್ನವರೆನ್ನಲಿಲ್ಲ. ಹ್ಯಾರಿಸ್‌ಬರ್ಗ್‌ನಲ್ಲಿ, ಕೊಲಂಬಸ್‌ನಲ್ಲಿ ಉಳಿದ ಸಾವಿರಾರು ಮಂದಿಗೆ ಈ ಸುದ್ದಿ ಮುಟ್ಟಿದೆ. ಪೌರತ್ವ ಪಡೆದವರು, ಪಡೆಯದವರು, ಪರೀಕ್ಷೆಗೆ ಇನ್ನೂ ಓದುತ್ತಿರುವ ಮುದುಕಿಯರು. ಊರು ಬಿಡುವಾಗ ತಗಡಿನ ಪೆಟ್ಟಿಗೆಯಲ್ಲಿ ತಂದ ಭೂತಾನದ ಕಂದಾಯ ರಸೀದಿಗಳನ್ನು ಅವರಲ್ಲಿ ಹಲವರು ಈಗಲೂ ಜೋಪಾನವಾಗಿಟ್ಟಿದ್ದಾರೆ.